ಎಡಗಡೆಯ ಗಿಟಾರ್

ಅಕ್ಕ ಕೆಲಸ ಮಾಡುವ ಕೋಣೆಯಲ್ಲಿ ಗಡಿಯಾರದ ಸದ್ದು ಕೂಡ ಇಲ್ಲ. ಗೋಡೆಗಳಿಗೆಲ್ಲ ಬೂದು ಬಣ್ಣದ ಸ್ಪಂಜು, ಬಾಗಿಲು ಎರಡು ಪದರದ್ದು. ಅವಳು ಆಸ್ಪತ್ರೆಯಲ್ಲಿ ಜನರ ಕಿವಿ ಪರೀಕ್ಷಿಸುವವಳು. ನಾನು ಒಳಗೆ ಕುಳಿತು ಗುಂಡಿಯೊಂದನ್ನು ಹಿಡಿದುಕೊಂಡಿದ್ದರೆ ಅವಳು ಗಾಜಿನ ಆಚೆಯಿಂದ ಒಂದೊಂದೇ ಸದ್ದನ್ನು ಕಳಿಸುತ್ತಾಳೆ. ಕೇಳಿಸಿದರೆ ಒತ್ತಬೇಕು.

"ಪುಟ್ಟಾ, ಕಳ್ಳಾಟ ಆಡಬೇಡ. ಈಗ ನಾನೇನೂ ಕಳಿಸಲಿಲ್ಲ."

"ಏನೋ ಕೇಳಿಸ್ತಲ್ಲ."

"ನಿನ್ನ ಹೊಟ್ಟೆ ಗುಡುಗಿರಬೇಕು."

ಕೂದಲು ನರೆತರೂ ಅವಳಿಗೆ ನಾನಿನ್ನೂ ಪುಟ್ಟ. ಚಿಕ್ಕವನಿದ್ದಾಗ ಮಂಗನಬಾವು ಬಂತು. ಜ್ವರ ಇಳಿಯಿತು, ಬಾವೂ ಇಳಿಯಿತು, ಎಡಗಿವಿ ಮಾತ್ರ ವಾಪಸು ಬರಲಿಲ್ಲ. ಅಂದಿನಿಂದ ಬಲಗಿವಿಯೊಂದರಲ್ಲೇ ಸಂಸಾರ ನಡೆಸಿಕೊಂಡು ಬಂದಿದ್ದೇನೆ. ನನ್ನದು ಗಾಜಿನ ಕೆಲಸ. ವಿಶ್ವವಿದ್ಯಾಲಯದ ಪ್ರಯೋಗಾಲಯಗಳಿಗೆ ಬೇಕಾದ ಕೊಳವೆ, ಕುಪ್ಪಿಗಳನ್ನು ಉರಿಯ ಮುಂದೆ ಕುಳಿತು ಊದಿ ಮಾಡುತ್ತೇನೆ. ಎರಡೂ ಕೈ ಒಂದೇ ವೇಗದಲ್ಲಿ ತಿರುಗುತ್ತಿರಬೇಕು, ಇಲ್ಲದಿದ್ದರೆ ಮೆತ್ತಗಾದ ಗಾಜು ಜೋತುಬೀಳುತ್ತದೆ. ಆ ಉರಿಯ ಭೋರ್ಗರೆತ ಉಳಿದ ಒಂದು ಕಿವಿಯನ್ನೂ ಸವೆಸುತ್ತಿದೆ ಎಂದು ಅಕ್ಕನ ದೂರು.

ಕೊನೆಯ ಪರೀಕ್ಷೆಗೆ ಅವಳು ಒಳಗೆ ಬಂದು, ನನ್ನ ಎಡಗಿವಿಯ ಹಿಂದಿನ ಮೂಳೆಯ ಮೇಲೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಪೆಟ್ಟಿಗೆಯೊಂದನ್ನು ಕೂರಿಸಿದಳು. ಅದು ನಡುಗಿತು. ಸದ್ದು ಕೇಳಿಸಿತು, ಸ್ಪಷ್ಟವಾಗಿ.

"ಎಡಗಿವಿಗೆ ಕೇಳಿಸ್ತಿದೆ ಅಕ್ಕ!"

"ಇಲ್ಲ ಕಣೋ. ತಲೆಬುರುಡೆ ನಡುಗಿ ಬಲಗಿವಿಗೆ ಹೋಗ್ತಿರೋದು. ಎಲ್ಲಾ ಬುರುಡೆ." ತನ್ನ ಮಾತಿಗೆ ತಾನೇ ನಕ್ಕು, ಮತ್ತೆ ಗಂಭೀರಳಾದಳು. "ನಿನ್ನ ಎಡಗಿವಿ ಮನೆ ಖಾಲಿ ಮಾಡಿ ಎಷ್ಟೋ ವರ್ಷ ಆಯ್ತು. ಬಲಗಿವಿಗೆ ಮುಂದಿನ ತಿಂಗಳು ಮೆಷಿನ್ ಹಾಕೋಣ. ಇನ್ನು ತಡ ಮಾಡೋ ಹಾಗಿಲ್ಲ."

"ಮೆಷಿನ್ ಹಾಕಿದ್ಮೇಲೆ ಹಾಡು?"

"ಮಾತು ಚೆನ್ನಾಗಿ ಕೇಳತ್ತೆ. ಹಾಡು ಸ್ವಲ್ಪ ಬೇರೆ ಥರ ಕೇಳಬಹುದು. ಅಭ್ಯಾಸ ಆಗತ್ತೆ ಬಿಡು."

ಆಗ ನಾನು ಮನಸ್ಸಿನಲ್ಲಿದ್ದುದನ್ನು ಹೇಳಿದೆ. ನಾವು ಚಿಕ್ಕಂದಿನಲ್ಲಿ ಕೇಳುತ್ತಿದ್ದ ಕುರ್ಚಿ ಆಲ್ಬಮ್ ಮತ್ತೆ ಹೊರಬಂದಿದೆ, ಈ ಸಲ ಸರೌಂಡ್ ಸೌಂಡಿನಲ್ಲಿ, ಐದು ಸ್ಪೀಕರುಗಳಲ್ಲಿ ಕೇಳುವ ಹಾಗೆ. ತೆಗೆದುಕೊಳ್ಳೋಣ ಎಂದಿದ್ದೇನೆ.

ಅಕ್ಕ ನನ್ನ ಮುಖವನ್ನೇ ನೋಡಿದಳು. "ಒಂದು ಕಿವಿಯವನಿಗೆ ಐದು ಸ್ಪೀಕರ್ ಯಾಕೋ? ಸದ್ದು ಯಾವ ಕಡೆಯಿಂದ ಬಂತು ಅಂತ ಗೊತ್ತಾಗೋಕೆ ಎರಡು ಕಿವಿ ಬೇಕು. ನಿನಗೆ ನಾನು ಪಾಠ ಹೇಳಬೇಕಾ?"

ಬೇಕಾಗಿರಲಿಲ್ಲ. ಎರಡು ಕಿವಿಗಳ ನಡುವೆ ಸದ್ದಿಗೆ ಆಗುವ ಅತಿ ಸಣ್ಣ ತಡದಿಂದ ಮೆದುಳು ದಿಕ್ಕನ್ನು ಕಟ್ಟಿಕೊಳ್ಳುತ್ತದೆ ಎಂಬುದನ್ನು ನಾನೂ ಓದಿದ್ದೇನೆ. ಆದರೆ ನನಗೆ ಬೇಕಿದ್ದದ್ದು ದಿಕ್ಕಲ್ಲ.

ಕುರ್ಚಿ ಆಲ್ಬಮ್ ಎನ್ನುವುದು ನಾವಿಬ್ಬರು ಇಟ್ಟ ಹೆಸರು. ಮುಖಪುಟದಲ್ಲಿ ನೀರಿಲ್ಲದ ಈಜುಕೊಳ, ಅದರ ತಳದಲ್ಲಿ ಒಂದೇ ಒಂದು ಕುರ್ಚಿ. ಆ ಕ್ಯಾಸೆಟ್ಟನ್ನೂ ಒಂದು ಟೇಪ್ ರೆಕಾರ್ಡರನ್ನೂ ನಮ್ಮ ಮನೆಯಲ್ಲಿ ಬಿಟ್ಟುಹೋದವರು ನಮ್ಮ ಸೋದರಮಾವ. ಅಪ್ಪನಿಗೆ ಆ ಗದ್ದಲ ಆಗುತ್ತಿರಲಿಲ್ಲವಾದ್ದರಿಂದ ಹೆಡ್‌ಫೋನಿನಲ್ಲೇ ಕೇಳಬೇಕು, ಹೆಡ್‌ಫೋನ್ ಇದ್ದದ್ದೋ ಒಂದೇ. ಮಂಚದ ಅಂಚಿನಲ್ಲಿ ಅಕ್ಕ ನನ್ನ ಎಡಕ್ಕೆ ಕೂರುತ್ತಿದ್ದಳು. ಎರಡು ತಲೆ ಒತ್ತಾಗಿ ಸೇರಿಸಿ, ಎರಡಕ್ಕೂ ಒಂದೇ ಹೆಡ್‌ಫೋನ್ ಹಿಗ್ಗಿಸಿ ಹಾಕಿಕೊಳ್ಳುವುದು. ಎಡಗಡೆಯದು ಅವಳ ಎಡಗಿವಿಗೆ, ಬಲಗಡೆಯದು ನನ್ನ ಬಲಗಿವಿಗೆ.

ಆ ಕಾಲದ ರಾಕ್ ಸಂಗೀತದವರಿಗೆ ಸ್ಟೀರಿಯೋ ಹೊಸ ಆಟಿಕೆಯಂತಿತ್ತು. ಗಿಟಾರನ್ನು ಪೂರ್ತಿ ಎಡಕ್ಕೆ ತಳ್ಳುವರು, ಹಾಡುವವನನ್ನು ಪೂರ್ತಿ ಬಲಕ್ಕೆ. ಹೀಗಾಗಿ ಅವಳ ಪಾಲಿಗೆ ಗಿಟಾರ್ ಬಂತು, ನನ್ನ ಪಾಲಿಗೆ ದನಿ. ಆದರೆ ಮೂರನೇ ಹಾಡಿನ ನಡುವೆ ಒಂದು ಜಾಗವಿತ್ತು. ಅಲ್ಲಿ ಹಾಡುವವನು ತುಂಬ ನಿಧಾನವಾಗುತ್ತಿದ್ದ, ನಿದ್ದೆಯಲ್ಲಿ ಮಾತಾಡುವವನಂತೆ. ಆಗ ನನಗೆ ಎಡಗಡೆಯ ಗಿಟಾರ್ ಕೇಳಿಸುತ್ತಿತ್ತು. ತಗ್ಗಿನ ದನಿಯಲ್ಲಿ, ತಂತಿ ಝೇಂಕರಿಸುವಂತೆ, ಮೇಲೇರಿ ಮತ್ತೆ ಮೆಲ್ಲಗೆ ಇಳಿದು ಬರುವ ಒಂದು ಸಣ್ಣ ರಾಗ. ಅದು ಹೊರಗಿನಿಂದ ಬರುತ್ತಿರಲಿಲ್ಲ, ತಲೆಯ ಎಡಭಾಗದಲ್ಲಿ ಹುಟ್ಟುತ್ತಿತ್ತು. ಸತ್ತಿದೆ ಎಂದು ಎಲ್ಲರೂ ಹೇಳಿದ್ದ ಕಿವಿಗೆ ಅದೊಂದು ಕೇಳಿಸುತ್ತಿತ್ತು.

ಇದನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ನಿಂತುಹೋದೀತು ಎಂಬ ಭಯ. ಮುಂದೆ ಒಂದೇ ಸ್ಪೀಕರಿನ ರೇಡಿಯೋಗಳಲ್ಲಿ ಆ ಹಾಡು ಎಷ್ಟೋ ಸಲ ಬಂತು, ರಾಗ ಬರಲಿಲ್ಲ. ವಿಜ್ಞಾನ ಓದಿದವನಲ್ಲವೇ, ಕಾರಣ ಹುಡುಕಿಕೊಂಡೆ. ಎಡ ಬಲ ಎರಡನ್ನೂ ಕೂಡಿಸಿದಾಗ ಒಂದರ ಏರು ಇನ್ನೊಂದರ ಇಳಿವಿನ ಮೇಲೆ ಬಿದ್ದರೆ ಸದ್ದು ಅಳಿಸಿಹೋಗುತ್ತದೆ, ಆ ರಾಗಕ್ಕೂ ಹಾಗೇ ಆಗಿರಬೇಕು. ಗಾಜು ತಣಿಯುವಾಗ ಒಳಗೆ ಉಳಿಯುವ ಬಿಗಿತವೂ ಬರಿಗಣ್ಣಿಗೆ ಕಾಣುವುದಿಲ್ಲ. ಬೆಳಕನ್ನು ಸೋಸುವ ಎರಡು ಪೋಲರಾಯ್ಡ್ ಹಾಳೆಗಳ ನಡುವೆ ಹಿಡಿದರೆ ಮಾತ್ರ ಕಾಮನಬಿಲ್ಲಿನಂತೆ ಎದ್ದು ಬರುತ್ತದೆ. ಮೂಲ ಟೇಪುಗಳಿಂದ ಒಂದೊಂದು ವಾದ್ಯವನ್ನೂ ಬೇರೆ ಮಾಡಿ ಐದು ಮೂಲೆಗಳಿಗೆ ಹಂಚಿದ್ದಾರೆ ಎಂದು ಓದಿದಾಗ ನನಗೆ ಕಂಡದ್ದು ಆ ಹಾಳೆಗಳೇ. ಮೆಷಿನ್ ಬರುವುದರೊಳಗೆ, ಬರಿಗಿವಿಯಲ್ಲಿ, ಆ ರಾಗವನ್ನು ಒಂದು ಸಲ ಕೇಳಬೇಕಿತ್ತು.

ಆಲ್ಬಮ್ ಮಾರುವ ಅಂಗಡಿ, ಹೊಲಿಗೆ ಯಂತ್ರ ರಿಪೇರಿ ಮಾಡುವವನ ಮಳಿಗೆಯ ಮೇಲೆ, ಕಿರಿದಾದ ಮೆಟ್ಟಿಲು ಹತ್ತಿದರೆ ಸಿಗುತ್ತದೆ. ಹಿಂದಿನ ಕೋಣೆಯಲ್ಲಿ ದಪ್ಪ ಪರದೆ, ದಪ್ಪ ಜಮಖಾನ, ಸುತ್ತ ಐದು ಸ್ಪೀಕರ್. ನೆಲದ ಮೇಲೆ ಬಿಳಿ ಟೇಪಿನ ಕೂಡುಗುರುತು, ಅದರ ಮೇಲೆ ಒಂದು ಕುರ್ಚಿ. ಅಂಗಡಿಯವರು ತೂಕದ ಮನುಷ್ಯ, ಮಾತು ಹಗುರ.

"ನಿಜ ಹೇಳ್ತೀನಿ ಸಾರ್, ಇಂಥ ಡಿಸ್ಕ್ ತಗೊಂಡವರಲ್ಲಿ ಅರ್ಧ ಜನ ಎರಡು ಸಲ ಕೇಳಿ ಕಪಾಟಿಗೆ ಸೇರಿಸ್ತಾರೆ. ಕೆಲವುಗಳಲ್ಲಿ ಸುಮ್ನೆ ಗಿಮಿಕ್ಕು, ಡ್ರಮ್ಮು ತಲೆ ಸುತ್ತ ನೊಣದ ಥರ ಹಾರಾಡತ್ತೆ. ಇದು ಹಾಗಿಲ್ಲ. ಕೂತ್ಕೊಳ್ಳಿ."

ಕುಳಿತೆ. ಐದೂ ಕಡೆಯ ಸದ್ದು ಬಂದು ನನ್ನ ಒಂದೇ ಕಿವಿಯಲ್ಲಿ ಗುಡ್ಡೆಬಿತ್ತು. ಅಕ್ಕ ಹೇಳಿದ್ದು ಸರಿ. ಎದ್ದುಬಿಟ್ಟೆ, ಮತ್ತು ಎದ್ದದ್ದೇ ಒಳ್ಳೆಯದಾಯಿತು.

ಎರಡು ಹೆಜ್ಜೆ ಮುಂದೆ ಹೋದರೆ ಗಿಟಾರಿನವನು ಸಿಕ್ಕಿದ. ತಂತಿಯ ಮೇಲೆ ಅವನ ಬೆರಳು ಜಾರುವ ಕಿರ್ರನೆಯ ಸದ್ದು ಕೂಡ ಕೇಳಿಸಿತು. ಅವನನ್ನು ದಾಟಿ ಬಲಕ್ಕೆ ಹೊರಳಿದರೆ ಹಾಡುವವನು, ಒಂದೊಂದು ಸಾಲಿಗೂ ಮೊದಲು ಅವನು ಎಳೆದುಕೊಳ್ಳುವ ಉಸಿರು. ಹಿಂದಿನ ಮೂಲೆಯಲ್ಲಿ ಆರ್ಗನ್, ಯಾರೋ ಖಾಲಿ ಕೊಳದ ತಳದಲ್ಲಿ ಕುಳಿತು ನುಡಿಸುತ್ತಿರುವಂತೆ. ಇನ್ನೊಂದು ಮೂಲೆಯಲ್ಲಿ ನಾಲ್ಕಾರು ಕೈಗಳ ಚಪ್ಪಾಳೆ. ನಾನು ಒಬ್ಬೊಬ್ಬರ ಬಳಿಯೂ ನಿಂತೆ. ಅವರಿಗೆ ವಯಸ್ಸೇ ಆಗಿರಲಿಲ್ಲ. ನಾನು ಬಂದದ್ದು ಅವರಿಗೆ ಗೊತ್ತಿದೆ, ನುಡಿಸುವುದು ಮುಗಿಯಲಿ ಎಂದು ಸುಮ್ಮನಿದ್ದಾರೆ ಎನಿಸಿತು. ಗೋಡೆ, ಪರದೆಗಳೆಲ್ಲ ದೂರ ಸರಿದು ಕೋಣೆ ಮುಖಪುಟದ ಕೊಳದಂತೆ ನೀಲಿಯಾಗಿ ಅಗಲವಾಯಿತು.

"ಸಾರ್," ಅಂಗಡಿಯವರ ದನಿ ಬಂತು. "ಎಲ್ಲರೂ ಕೂತು ಕೇಳ್ತಾರೆ. ನೀವು ಗಾಣದ ಎತ್ತಿನ ಥರ ಸುತ್ತು ಹೊಡೀತಿದ್ದೀರಲ್ಲ."

"ನನಗೆ ಹೀಗೇ ಕೇಳೋದು. ಮೂರನೇ ಹಾಡು ಹಾಕ್ತೀರಾ?"

ಹಾಕಿದರು. ಆ ಜಾಗ ಬರುವ ಮೊದಲೇ ಎಡ ಸ್ಪೀಕರಿನ ಮುಂದೆ ಮಂಡಿಯೂರಿ ಕಿವಿ ಹಚ್ಚಿದೆ. ಹಾಡುವವನು ನಿಧಾನವಾದ. ಗಿಟಾರ್ ನಿಂತಿತು. ಆಮೇಲೆ ಏನೂ ಇಲ್ಲ. ಟೇಪಿನ ತೆಳ್ಳನೆಯ ಸುಯ್ಲು, ಅಷ್ಟೇ.

ಇನ್ನೊಮ್ಮೆ ಹಾಕಿಸಿ ಹಿಂದಿನ ಮೂಲೆಗೆ ಹೋದೆ. ಮತ್ತೊಮ್ಮೆ ಹಾಕಿಸಿ ಇನ್ನೊಂದಕ್ಕೆ. ಎಲ್ಲೂ ಇರಲಿಲ್ಲ.

"ಇಲ್ಲೊಂದು ರಾಗ ಇತ್ತು. ಇದರಲ್ಲಿ ಕತ್ತರಿಸಿದ್ದಾರೆ."

"ಈ ಆಲ್ಬಮ್ ನನಗೆ ಬಾಯಿಪಾಠ ಸಾರ್. ಅಲ್ಲಿ ಯಾವ ರಾಗಾನೂ ಇಲ್ಲ."

ಗುನುಗಿ ತೋರಿಸಿದೆ. ಅವರು ಕಣ್ಣು ಮುಚ್ಚಿ ಕೇಳಿ, ಪಾಪ ಎನ್ನುವಂತೆ ತಲೆಯಾಡಿಸಿದರು. "ಚೆನ್ನಾಗಿದೆ. ಆದ್ರೆ ಇದರದ್ದಲ್ಲ."

ಏನೂ ಕೊಳ್ಳದೆ ಮೆಟ್ಟಿಲಿಳಿದೆ. ರಾಗವೇ ಇರಲಿಲ್ಲ ಎಂದರೆ ನನ್ನ ಎಡಗಿವಿ ಏನನ್ನೂ ಕೇಳಿಸಿಕೊಂಡಿರಲಿಲ್ಲ ಎಂದೇ ಅರ್ಥ. ಅದು ಸತ್ತಿದ್ದು ಈಗ ಎಂಬಂತೆ, ದಾರಿಯುದ್ದಕ್ಕೂ ಆ ಕಡೆ ಮೌನ ತೂಗುತ್ತಿತ್ತು. ಮರುದಿನ ಒಂದು ಕೊಳವೆಯೊಳಗೆ ಇನ್ನೊಂದನ್ನು ಕೂರಿಸಿ ಬೆಸೆಯುತ್ತಿದ್ದವನು ತಿರುಗಿಸುವುದನ್ನೇ ಮರೆತೆ. ಒಳಗಿನದು ಬಳುಕಿ ಹೊರಗಿನದಕ್ಕೆ ಅಂಟಿಕೊಂಡಿತು.

ಅಕ್ಕನಿಗೆ ಫೋನ್ ಮಾಡಿದೆ. "ನೀನೊಮ್ಮೆ ಬಂದು ಕೇಳು. ಅವರು ಏನೋ ಕತ್ತರಿಸಿದ್ದಾರೋ, ನನ್ನ ಕಿವೀದೇ ತಪ್ಪೋ ಹೇಳು."

"ನಿನ್ನ ಕಿವಿ ತಪ್ಪು ಅಂತ ಹೇಳೋಕೆ ಅಲ್ಲೀವರೆಗೂ ಬರಬೇಕಾ?" ಎಂದಳು. ಆದರೆ ಬಂದಳು.

ಚಪ್ಪಲಿ ಬಿಟ್ಟು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಪರೀಕ್ಷೆಗೆ ಬಂದ ರೋಗಿಯಂತೆ ನೇರವಾಗಿ ಕುರ್ಚಿಯಲ್ಲಿ ಕುಳಿತಳು. ಮೊದಲ ಹಾಡಿಗೆ ಹುಬ್ಬು ಗಂಟಾಗಿತ್ತು. ಎರಡನೆಯದಕ್ಕೆ ಸಡಿಲವಾಯಿತು. ಮೂರನೆಯದು ಶುರುವಾದಾಗ ಅವಳ ಕಣ್ಣು ತಾವಾಗಿಯೇ ಮುಚ್ಚಿಕೊಂಡವು. ನಾನು ಸ್ವಲ್ಪ ದೂರ ಗೋಡೆಗೆ ಒರಗಿ ಅವಳ ಮುಖವನ್ನೇ ನೋಡುತ್ತಿದ್ದೆ. ಎಲ್ಲಿ ಕತ್ತರಿ ಬಿದ್ದಿದೆಯೋ ಅಲ್ಲಿ ಆ ಮುಖ ಹೇಳುತ್ತದೆ ಎಂಬ ಆಸೆ.

ಹಾಡುವವನು ನಿಧಾನವಾದ. ಗಿಟಾರ್ ನಿಂತಿತು. ಅಕ್ಕನ ಮುಖ ಏನೂ ಹೇಳಲಿಲ್ಲ. ಆದರೆ ಅವಳ ಗಂಟಲು ಅಲುಗುತ್ತಿತ್ತು, ತುಟಿ ಮುಚ್ಚಿದ್ದರೂ.

ನಾನು ಹೋಗಿ ಕುರ್ಚಿಯ ಬಲಕ್ಕೆ ಮಂಡಿಯೂರಿದೆ. ನನ್ನ ತಲೆಯ ಎಡಭಾಗವನ್ನು ಅವಳ ತಲೆಯ ಬಲಕ್ಕೆ ಒತ್ತಿದೆ, ಮಂಚದ ಮೇಲೆ ಕೂರುತ್ತಿದ್ದಂತೆ.

ರಾಗ ಬಂತು. ತಗ್ಗಿನ ದನಿ, ತಂತಿಯ ಝೇಂಕಾರ, ಮೇಲೇರಿ ಮೆಲ್ಲಗೆ ಇಳಿಯುವ ಅದೇ ದಾರಿ. ಹೊರಗಿನಿಂದಲ್ಲ, ತಲೆಯ ಎಡಗಡೆಯಿಂದಲೇ.

"ಮೇಡಂ, ಅವರಿಗೆ ಹುಷಾರಿಲ್ವಾ?" ಅಂಗಡಿಯವರು ಗಾಬರಿಯಿಂದ ಹಾಡು ನಿಲ್ಲಿಸಿದರು.

ಅಕ್ಕ ಬೆಚ್ಚಿ ಕಣ್ಣು ಬಿಟ್ಟಳು. "ಏನೋ ಇದು ಅವತಾರ? ಏಳು ಮೇಲೆ."

"ಅದು ನೀನಾ?"

"ಯಾವುದು?"

"ಈಗ ಗುನುಗಿದ್ದು."

"ಗುನುಗಿದ್ನಾ?" ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಒಂದು ಗಳಿಗೆ ಯೋಚಿಸಿ ನಕ್ಕಳು. "ಹೌದಲ್ವಾ! ಚಿಕ್ಕೋರಿದ್ದಾಗ ಅಲ್ಲಿ ನನ್ನ ಕಡೆ ಏನೂ ಬರ್ತಿರ್ಲಿಲ್ಲ ಕಣೋ. ಬರೀ ಸುಯ್ ಅಂತ. ನೀನು ಮಾತ್ರ ಕಣ್ಣು ಮುಚ್ಕೊಂಡು ಸ್ವರ್ಗದಲ್ಲಿರೋನ ಥರ ತಲೆ ಆಡಿಸ್ತಿದ್ದೆ. ಹೊಟ್ಟೆ ಉರೀತಿತ್ತು. ಅದಕ್ಕೆ ನಾನೇ ಏನೋ ಒಂದು ಹಾಡ್ಕೊಳ್ತಿದ್ದೆ."

"ನನಗೆ ಅದು ಕೇಳಿಸ್ತಿತ್ತು."

"ಹೇಗೆ? ನಾನು ಬಾಯಿ ಸಹ ತೆಗೀತಿರ್ಲಿಲ್ಲ. ಮೇಲಾಗಿ ಆ ಕಡೆ ನಿನ್ನ..." ಅವಳು ಅಲ್ಲಿಗೇ ನಿಲ್ಲಿಸಿದಳು. ಕೈ ತಾನಾಗಿ ಎದ್ದು ನನ್ನ ಎಡಗಿವಿಯ ಹಿಂದಿನ ಮೂಳೆಯನ್ನು ಮುಟ್ಟಿತು, ಪುಟ್ಟ ಪೆಟ್ಟಿಗೆಯನ್ನು ಕೂರಿಸಿದ್ದ ಜಾಗವನ್ನೇ.

"ನನ್ನ ಎಡಗಿವಿ ಅದೊಂದನ್ನ ಕೇಳಿಸ್ಕೊಂಡಿದೆ ಅಂದ್ಕೊಂಡಿದ್ದೆ ಅಕ್ಕ. ಇಷ್ಟು ವರ್ಷ."

ಎಷ್ಟೋ ಜನರಿಗೆ ಅವರವರ ಕಿವಿಯ ಸುದ್ದಿ ಹೇಳಿ ಅಭ್ಯಾಸವಿದ್ದ ಅವಳು ನನ್ನ ತಲೆಗೊಂದು ಮೊಟಕಿದಳು. "ಇಷ್ಟು ವರ್ಷ ಬುರುಡೆ ನಂಬ್ಕೊಂಡಿದ್ಯಲ್ಲೋ, ಪೆದ್ದ."

ಇಬ್ಬರೂ ನಕ್ಕೆವು. ನಗುವಾಗ ಅವಳ ಕಣ್ಣು ಒದ್ದೆಯಾಗಿದ್ದವು, ನನ್ನವೂ. ಎಡಗಿವಿ ಅಂದು ಸಂಜೆ ಮತ್ತೊಮ್ಮೆ ಸತ್ತಿತು, ಆದರೆ ಈ ಸಲ ಆ ಕಡೆ ಮೌನದ ಭಾರವಿರಲಿಲ್ಲ. ಅಲ್ಲಿ ಮೊದಲಿನಿಂದಲೂ ಯಾರು ಕುಳಿತಿದ್ದರೆಂದು ತಿಳಿದಿತ್ತು.

ಅಂಗಡಿಯವರು ಕೆಮ್ಮಿದರು. "ಹಾಗಾದ್ರೆ ಡಿಸ್ಕ್ ಸರಿಯಾಗಿದೆ ಅಲ್ವಾ ಸಾರ್? ಏನೂ ಕತ್ತರಿಸಿಲ್ಲ?"

"ಏನೂ ಕತ್ತರಿಸಿಲ್ಲ. ಖಾಲಿ ಜಾಗಾನೂ ಹಾಗೇ ಇಟ್ಟಿದ್ದಾರೆ. ಕಟ್ಟಿಕೊಡಿ."

"ಸ್ಪೀಕರೂ ಬೇಕಾ? ಐದೂ?"

"ಬೇಕು," ಎಂದವಳು ಅಕ್ಕ. "ಇವನು ನಡೆದಾಡ್ಕೊಂಡು ಕೇಳ್ತಾನೆ. ಅದಕ್ಕೆ ಮುಂಚೆ ಆ ಮೂರನೇದನ್ನ ಇನ್ನೊಂದ್ಸಲ ಹಾಕಿ. ಇನ್ನೊಂದು ಕುರ್ಚಿ ಇದ್ಯಾ?"

ಅವರು ಮುಂದಿನ ಕೋಣೆಯಿಂದ ಸ್ಟೂಲೊಂದನ್ನು ಎತ್ತಿಕೊಂಡು ಬಂದು, ಬಿಳಿ ಗುರುತಿನ ಮೇಲಿದ್ದ ಕುರ್ಚಿಯನ್ನು ಎಡಕ್ಕೆ ಸರಿಸಿ, ಸ್ಟೂಲನ್ನು ಬಲಕ್ಕೆ ಇಟ್ಟರು. ಎಲ್ಲ ಸದ್ದುಗಳೂ ಸರಿಯಾಗಿ ಬಂದು ಸೇರಬೇಕಾದ ಆ ಕೂಡುಗುರುತಿನ ಮೇಲೆ ಈಗ ಯಾರೂ ಇರಲಿಲ್ಲ. ನಾವು ಅದರ ಆಚೀಚೆ ಕುಳಿತು, ಸ್ವಲ್ಪ ಬಾಗಿ, ಅದರ ನೇರಕ್ಕೆ ತಲೆ ಕೂಡಿಸಿದೆವು.

"ಪುಟ್ಟಾ," ಅಕ್ಕ ಪಿಸುಗುಟ್ಟಿದಳು, ಅದೂ ಮೂಳೆಯ ದಾರಿಯಲ್ಲೇ ಬಂತು. "ರಾಗ ಮರೆತುಹೋದ್ರೆ ಏನ್ಮಾಡ್ಲೋ? ಬೇಕು ಅಂತ ಯಾವತ್ತೂ ಹಾಡಿಲ್ಲ."

"ನೀನು ಕಣ್ಣು ಮುಚ್ಚು, ಸಾಕು," ಎಂದೆ.

ಗಿಟಾರ್ ಶುರುವಾಯಿತು.