ರಜೆ ಚೀಟಿ

ರೊಟ್ಟಿಯ ಅಂಚು ಮತ್ತೆ ಸೀಳಿತು, ಎಸರು ಇನ್ನೊಂದು ಕುದಿ ಬರಬೇಕಿತ್ತು, ಹಿಟ್ಟು ಜಿಗಿ ಹಿಡಿದಿಲ್ಲ, ಐವತ್ತು ವರ್ಷ ಬಡಿದ ಕೈಗೆ ಇವತ್ತೇನು ಅವಸರ — ಶೇಖರಮ್ಮ ಒದ್ದೆ ಬೆರಳಿನಿಂದ ಸೀಳು ಮೆತ್ತಿ ಮತ್ತೆ ಬಡಿಯತೊಡಗಿದಳು, ಬಡಿಯುವಾಗ ಪಡಸಾಲೆಯ ಮಾತು ಕೇಳುವುದಿಲ್ಲ, ಕೈ ನಿಲ್ಲಿಸಿದರೆ ಹುಚ್ಚೀರಪ್ಪನ ನಗೆ, ಮಗನ ಪಲ್ಟನ್ನಿನಲ್ಲಿ ಕ್ಲಾರ್ಕ್ ಆಗಿದ್ದವನು, ಕುಷ್ಟಗಿಯವನು, ನಮ್ಮ ಕಡೆಯವನೆಂದು ಪ್ರಭುರಾಜ ರಜೆ ಮುಗಿಸಿ ಹೊರಟಾಗಲೆಲ್ಲ ಅವನ ಪಾಲಿನದೂ ಕಟ್ಟಿ ಕೊಟ್ಟಿದ್ದಳಲ್ಲ, ಇಪ್ಪತ್ತು ಕಡಕ್ ರೊಟ್ಟಿ, ಡಬ್ಬಿ ತುಂಬ ಶೇಂಗಾ ಹಿಂಡಿ, ಮೂರು ದಿನದ ರೈಲಿನಲ್ಲಿ ಮುರಿಯದಿರಲೆಂದು ಹಳೆ ಸೀರೆಯಲ್ಲಿ ಸುತ್ತಿ. ಯವ್ವಾ, ನಿಮ್ಮ ರೊಟ್ಟಿ ತಿಂದ ನಾವು ಆ ಹಿಮದಾಗ ಜೀವ ಹಿಡದಿದ್ವಿರಿ, ಎಂದ ಈಗಷ್ಟೇ, ಬಾಗಿಲಲ್ಲಿ ಚಪ್ಪಲಿ ಬಿಡುತ್ತ. ಹಿಡಿದೆಯಪ್ಪಾ, ಹೌದು, ಹೊಟ್ಟೆ ನೋಡಿದರೇ ಗೊತ್ತಾಗುತ್ತದೆ — ಉಣ್ಣು, ಇವತ್ತೂ ಉಣ್ಣು, ಉಂಡ ಮೇಲೆ ನಿನ್ನ ಜೊತೆ ಮಾತಿದೆ. ತವೆಯ ಮೇಲೆ ರೊಟ್ಟಿ ಉಬ್ಬಿತು, ಅರಿವೆಯಿಂದ ಒತ್ತಿದಳು, ಉಬ್ಬಿದ್ದು ಎಲ್ಲಿಗೆ ಹೋಗುತ್ತದೆ, ಒತ್ತಿದರೆ ಇಳಿಯುತ್ತದೆ.

ನೌಕರಿಯ ಕೊನೆಯ ಎಂಟು ತಿಂಗಳು ಪ್ರಭುರಾಜ ಹವಾಲ್ದಾರ, ತೋಳಿನ ಮೇಲೆ ಮೂರು ಪಟ್ಟಿ, ಫೋನಿನಲ್ಲಿ ಅವನ ದನಿಯೇ ಬೇರೆ ಆಗಿತ್ತು, ಅಪ್ಪಗ ಮೊದಲು ಹೇಳವ್ವಾ ಅಂದಿದ್ದ, ಅಪ್ಪ ವಿರೂಪಾಕ್ಷಪ್ಪ ಆವತ್ತೇ ಕುಕನೂರಿನ ಬಸ್ ಸ್ಟ್ಯಾಂಡಿನಿಂದ ಮನೆಯವರೆಗೆ ಸಿಕ್ಕ ಸಿಕ್ಕವರ ಅಂಗೈಗೆ ಸಕ್ಕರೆ ಹಾಕುತ್ತ ಬಂದಿದ್ದರು, ಬಸ್ಸಿನ ಕಂಡಕ್ಟರನ್ನೂ ಬಿಟ್ಟಿರಲಿಲ್ಲ. ಮುಂದೆ ಮಗ ನಿವೃತ್ತನಾಗಿ ಬಂದ, ಕೊಪ್ಪಳದ ಬ್ಯಾಂಕಿನಲ್ಲಿ ಕಾವಲು ಕೆಲಸಕ್ಕೆಂದು ಅಪ್ಪನೇ ಜೊತೆಗೆ ಹೋದರು, ಅಲ್ಲಿಯವರು ಡಿಸ್ಚಾರ್ಜ್ ಬುಕ್ ತೆಗೆದು ಓದಿದರು, ನಾಯ್ಕ ಪ್ರಭುರಾಜ, ಎರಡೇ ಪಟ್ಟಿಯವನು. ತಪ್ಪಾಗೈತಿ ಅಪ್ಪಾ, ತಿದ್ದಸ್ತೀನಿ, ಅಂದ ಮಗ. ಸುಳ್ಳು ಹೇಳಿ ನನ್ನ ಕೈಲೆ ಸಕ್ಕರಿ ಹಂಚಿಸಿದೆಲೋ — ಅದೇ ಕೊನೆಯ ಮಾತು. ಊಟಕ್ಕೆ ಇಬ್ಬರಿಗೂ ತಾಟು ಹಾಕಿದರೆ ವಿರೂಪಾಕ್ಷಪ್ಪ ತಾಟನ್ನು ಸರಿಸಿಕೊಂಡು ಗೋಡೆಗೆ ಮುಖ ಮಾಡಿ ಕೂಡುವರು, ಮಗನ ಕಡೆಗೆ ಬೆನ್ನು, ಬನಿಯನ್ನಿನ ತೂತಿನಲ್ಲಿ ಕಾಣುವ ಎಲುಬು, ಅಗಿಯುವಾಗ ಆ ಎಲುಬು ಆಡುವುದು, ಐದು ವರ್ಷ, ಒಂದು ಊಟವೂ ತಪ್ಪದೆ. ಪ್ರಭುರಾಜ ತಲೆ ಬಗ್ಗಿಸಿ ಉಂಡು ಎದ್ದು ಹೋಗುವನು, ಎದುರು ಮಾತಾಡಿದವನಲ್ಲ, ಚಿಕ್ಕವನಿದ್ದಾಗಲೂ ಹಾಗೇ, ಬಿದ್ದು ಮೊಣಕಾಲು ಕೆತ್ತಿದರೆ ಅಳದೆ ಬಂದು ಅವಳ ಸೆರಗಿನಡಿ ನಿಲ್ಲುತ್ತಿದ್ದ, ಅವಳೇ ನೋಡಿ ತಿಳಿಯಬೇಕಿತ್ತು. ಇದನ್ನೂ ಹಾಗೇ ತಡವಾಗಿ ತಿಳಿದಳು, ಹೋದ ವರ್ಷ, ಗಂಡ ತೀರಿಹೋದ ಮೇಲೆ, ಅದೂ ಸೊಸೆ ಶಿವಲೀಲಾಳ ಬಾಯಿಂದ — ಕ್ಯಾಂಟೀನಿನ ರಮ್ ಬಾಟಲಿಗಳು ಹಿಂದಿನ ಬಾಗಿಲಿನಿಂದ ಹೊರಗೆ ಹೋಗುತ್ತಿದ್ದುದನ್ನು ಪ್ರಭುರಾಜ ಸುಬೇದಾರರಿಗೆ ಹೇಳಿದ್ದ, ಹುಚ್ಚೀರಪ್ಪನಿಗೆ ಎಲ್ಲರ ಎದುರು ಬೈಗುಳ ಬಿದ್ದಿತ್ತು, ಆಮೇಲೆ ಪ್ರಭುರಾಜನ ಬಡ್ತಿಯ ಕಾಗದ ಅವನ ಮೇಜಿನಿಂದ ದಾಖಲೆ ಕಚೇರಿಗೆ ಹೋಗಲೇ ಇಲ್ಲ. ಮೂರು ವರ್ಷ ಅರ್ಜಿ, ಮೂರು ವರ್ಷ ಒಂದೇ ಉತ್ತರ, ಬಡ್ತಿ ನಮೂದಾಗಿಲ್ಲ, ದಾಖಲೆ ಒದಗಿಸಿ ಇಲ್ಲವೇ ಅಂದಿನ ಕ್ಲಾರ್ಕನ ಹೇಳಿಕೆ ತನ್ನಿ. ಅಂದಿನ ಕ್ಲಾರ್ಕ್ ಈಗ ಮಾಜಿ ಸೈನಿಕರ ಸಂಘದ ಅಧ್ಯಕ್ಷ, ಧ್ವಜ ಹಾರಿಸುವ ದಿನ ಶಾಲು ಹೊದೆಸಿಕೊಳ್ಳುವವನು, ಇವತ್ತು ಆ ಹೇಳಿಕೆಯನ್ನು ಬಾಂಡ್ ಪೇಪರಿನಲ್ಲಿ ಟೈಪು ಮಾಡಿಸಿಕೊಂಡೇ ಬಂದಿದ್ದಾನೆ, ಕಣ್ತಪ್ಪಿನಿಂದ ಬಿಟ್ಟುಹೋಗಿರುತ್ತದೆ ಎಂದು. ಕಣ್ತಪ್ಪು. ಅವನ ಕಣ್ಣು ತಪ್ಪಿದ್ದಕ್ಕೆ ಇವಳ ಗಂಡ ಮಗನ ಮುಖ ನೋಡದೆ ಹೋದರು, ಕೊನೆಯ ವಾರ ಪ್ರಭುರಾಜ ಚಮಚದಲ್ಲಿ ನೀರು ಹಿಡಿದು ನಿಂತರೆ ಮಗ್ಗುಲಾದರು, ಕೈ ಎತ್ತಲೂ ಆಗದವರು, ಅಷ್ಟಕ್ಕೆ ಮಾತ್ರ ಎಲ್ಲಿಂದ ಬಂತೋ ಶಕ್ತಿ, ಬೆನ್ನು ತಿರುಗಿಸುವುದಕ್ಕೆ.

ಹಿಟ್ಟು ಮುಗಿಯಿತು, ಕೈ ತೊಳೆದಳು. ಕುಬಸದೊಳಗೆ ಚೀಟಿ ಇದೆ, ಬೆವರಿಗೆ ಒದ್ದೆಯಾಗಿರಬಾರದು. ಮಗ ರಜೆಗೆ ಬಂದಾಗೆಲ್ಲ ರೈಲಿನಲ್ಲಿ ತೋರಿಸಿದ ರಜೆ ಚೀಟಿಯನ್ನು ಅಂಗಿಯ ಕಿಸೆಯಲ್ಲೇ ಮರೆಯುತ್ತಿದ್ದ, ಒಗೆಯುವ ಮೊದಲು ಅವಳು ತೆಗೆದಿಡುತ್ತಿದ್ದಳು, ಓದಲು ಬಾರದು, ಆದರೆ ಮಗನನ್ನು ಮನೆಗೆ ಕಳಿಸಿದ ಕಾಗದ, ಒಲೆಗೆ ಹಾಕಲು ಮನಸ್ಸು ಬಾರದೆ ಕುಂಕುಮ ಹಚ್ಚಿ ಹಿತ್ತಾಳೆ ಡಬ್ಬಿಯಲ್ಲಿಟ್ಟು ದೇವರ ಜಗಲಿಗೆ ಏರಿಸುತ್ತಿದ್ದಳು, ಅದನ್ನು ಯಾರೂ ಮುಟ್ಟಬಾರದು. ಮೊನ್ನೆ ಅಮಾವಾಸ್ಯೆಗೆ ಜಗಲಿ ಒರೆಸುತ್ತಿದ್ದ ಶಿವಲೀಲಾಳ ಕೈಯಿಂದ ಡಬ್ಬಿ ಉರುಳಿತು, ಚೀಟಿಗಳು ಚೆಲ್ಲಿದವು, ಎಲ್ಲಕ್ಕಿಂತ ಮೇಲಿನದನ್ನು ಓದಿ ಸೊಸೆ ಕುಕ್ಕರಿಸಿಬಿಟ್ಟಳು — ಅತ್ತೀ, ಇದರಾಗ ಹವಾಲ್ದಾರ ಅಂತ ಐತ್ರಿ, ಕೆಳಗ ಹುಚ್ಚೀರಪ್ಪಂದ ಸಹಿ. ಯಾರ ಮುಂದೂ ಬಾಯಿ ಬಿಡಬ್ಯಾಡ, ಅಂದಳು ಶೇಖರಮ್ಮ, ನಿನ್ನ ಗಂಡನ ಮುಂದೂ, ಅಂವ ಭಾಳ ಮೆತ್ತಗ, ಆ ಹುಚ್ಚೀರಪ್ಪನ್ನ ಬರಗೊಡು ಮೊದಲು. ಎರಡು ರಾತ್ರಿ ಆ ಸುಖದಲ್ಲೇ ನಿದ್ದೆ ಮಾಡಿದಳು, ಎಷ್ಟೋ ವರ್ಷದ ಮೇಲೆ.

ತಾಟು ಇಟ್ಟಳು, ರೊಟ್ಟಿ, ಬದನೆಕಾಯಿ, ಕೆಂಪು ಚಟ್ನಿಯ ದೊಡ್ಡ ಮುದ್ದೆ, ಹುಚ್ಚೀರಪ್ಪನ ಮೂಗಿನಿಂದ ನೀರು ಇಳಿಯಿತು, ಛಲೋ ಆಗೈತ್ರಿ ಅನ್ನುತ್ತಲೇ ಉಂಡ, ಸಾವಿರ ಮಂದಿಯ ಕಾಗದ ಒಬ್ಬನ ಕೈಯಲ್ಲಿದ್ದರೆ ಯಾರದೋ ಒಂದು ಉಳಿಯುತ್ತದೆ ಎಂದ, ಪ್ರಭುರಾಜ ಹೌದು ಬಿಡಣ್ಣ ಎಂದ, ಹಾಗೆ ಅನ್ನುವ ಮಗನ ಮೇಲೂ ಅವಳಿಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಕಂಡಿತು, ಕಿವಿಯ ಹತ್ತಿರ ಅವನ ಕೂದಲು ಎಷ್ಟು ಬೆಳ್ಳಗಾಗಿದೆ.

ಮತ್ತ ಆವಾಗ ನಿನಗ ಗೊತ್ತಿತ್ತೇನಪಾ, ಇಂವ ಹವಾಲ್ದಾರ ಆಗ್ಯಾನಂತ — ಮೆಲ್ಲಗೆ ಕೇಳಿದಳು, ಮಜ್ಜಿಗೆ ಸುರಿಯುತ್ತ. ಎಲ್ಲಿ ಗೊತ್ರಿ ಯವ್ವಾ, ಗೊತ್ತಿದ್ರ ಬಿಡ್ತಿದ್ನೇನ್ರಿ ನಾ. ಬಿತ್ತು, ತಾನಾಗೇ ಬಲೆಗೆ ಬಂದು ಬಿತ್ತು. ಕುಬಸದಿಂದ ಚೀಟಿ ತೆಗೆದು ಅವನ ತಾಟಿನ ಪಕ್ಕಕ್ಕಿಟ್ಟಳು. ನನಗ ಅಕ್ಷರ ಬರೂದಿಲ್ಲ, ಒಂದೀಟು ಓದಿ ಹೇಳು. ಅವನು ನೋಡಿದ, ಚಟ್ನಿಯ ಬೆರಳು ಹಾಗೇ ನಿಂತಿತು. ಜೋರಾಗಿ ಓದಪಾ, ಪ್ರಭುಗೂ ಕೇಳಲಿ. ಹವಾಲ್ದಾರ್ ಪ್ರಭುರಾಜ, ಓದಿದ, ಇಪ್ಪತ್ತು ದಿನದ ರಜೆ. ಕೆಳಗ ಯಾರ ಸಹಿ. ನಂದರಿ. ಎಷ್ಟು ಚೆಂದ ಕೇಳಿಸಿತು, ಇನ್ನೊಮ್ಮೆ ಅನ್ನಿಸಬೇಕೆನಿಸಿತು, ಅನ್ನಿಸಿದಳು, ಯಾರದು ಅಂದಿ, ನಂದರಿ ಯವ್ವಾ. ಪ್ರಭುರಾಜ ಅವ್ವಾ ಸಾಕು ಅಂದ, ಸಾಕಾಗಿಲ್ಲ, ಹುಚ್ಚೀರಪ್ಪನ ಕಡೆ ತಿರುಗಿದಳು, ಆ ಕಣ್ತಪ್ಪನ್ನು ಹೊಡೆದು ಹಾಕಿ ಗೊತ್ತಿದ್ದೂ ಕಳಿಸಲಿಲ್ಲ ಎಂದು ಬರೆ, ನಿನ್ನ ಕೈಯಿಂದಲೇ, ಇಲ್ಲದಿದ್ದರೆ ಚೀಟಿ ಹಿಡಿದು ನಿನ್ನ ಸಂಘದ ಸಭೆಗೆ ನಾನೇ ಬರುತ್ತೇನೆ. ಅವನು ಕೈ ತೊಳೆದು ಬರೆದ, ಬೆವರುತ್ತ, ಒಂದು ಸಾಲು, ಕೆಳಗೆ ಹೆಸರು, ಆ ಹೊಟ್ಟೆ ಆ ನಗೆ ಎಲ್ಲ ಇಳಿದುಹೋಗಿತ್ತು, ನೋಡಿದಳು, ಹೊಟ್ಟೆ ತುಂಬ ನೋಡಿದಳು. ಪೆನ್ನಿನ ಟೊಪ್ಪಿಗೆ ಹಾಕುತ್ತ ಅವನು ಸಣ್ಣ ದನಿಯಲ್ಲಿ ಕೇಳಿದ, ಇಷ್ಟು ವರ್ಷ ಎಲ್ಲಿತ್ರಿ ಇದು. ಎಲ್ಲಿರತೈತಿ, ಅಂದಳು ಗೆದ್ದವಳ ದನಿಯಲ್ಲಿ, ಜಗಲಿ ಮ್ಯಾಲ ದೇವರ ಬಾಜೂಕ.

ಅಂದಳು. ಪ್ರಭುರಾಜನ ತಲೆ ನಿಧಾನಕ್ಕೆ ನಡುಮನೆಯ ಕಡೆ ಹೊರಳಿತು, ಜಗಲಿಯ ಕಡೆ, ಜಗಲಿಯ ಕೆಳಗೆ, ಅಪ್ಪನ ಮಂಚವಿದ್ದ ಜಾಗದ ಕಡೆ, ಐದು ವರ್ಷ ದಿನಾ ಮುಂಜಾನೆ ಡಬ್ಬಿಗೆ ಕೈ ಮುಗಿದಳು, ಊದುಬತ್ತಿ ಬೆಳಗಿದಳು, ಒಂದು ಸಲ ತೆರೆದು ಯಾರಿಗಾದರೂ, ಸಾಲೆಗೆ ಹೋಗುವ ಯಾವ ಕೂಸಿಗಾದರೂ ಓದಲು ಕೊಟ್ಟಿದ್ದರೆ, ಚಮಚದ ನೀರು, ಮಂಚದಿಂದ ಡಬ್ಬಿಗೆ ಒಂದು ಮೊಳ, ಒಂದೇ ಮೊಳ, ಬನಿಯನ್ನಿನ ತೂತು, ಎಲುಬು, ಗೋಡೆಗೆ ತಿರುಗಿದ ಬೆನ್ನು — ಆ ಬೆನ್ನು —