ಘಾಟಿಲ್ಲದ ನಶ್ಯ

ಕೊರೊನಾ ನಮ್ಮ ಬೀದಿಗೆ ಕಾಲಿಟ್ಟ ವರ್ಷ ನಮ್ಮ ಮಾವನಿಗೆ ಇಬ್ಬರ ಮೇಲೆ ಅನುಮಾನವಿತ್ತು. ಒಬ್ಬಳು ನಾನು, ಇನ್ನೊಬ್ಬ ನಶ್ಯದ ಅಂಗಡಿಯವನು.

ನಾನು ನರ್ಸು, ಜ್ವರದ ವಾರ್ಡಿನಲ್ಲಿ ಕೆಲಸ. ಮಾವ ದರ್ಜಿ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ನಲವತ್ತು ವರ್ಷದಿಂದ ಅದೇ ಹೊಲಿಗೆ ಯಂತ್ರ, ಅದೇ ಕುರ್ಚಿ, ಜೇಬಿನಲ್ಲಿ ಅದೇ ನಶ್ಯದ ಡಬ್ಬಿ. ಅತ್ತೆಗೆ ಉಬ್ಬಸ, ಉಸಿರಿಗೆ ಎಳೆದುಕೊಳ್ಳುವ ಪಂಪು ಸದಾ ಕೈಗೆ ಸಿಗುವಂತೆ ಇಟ್ಟುಕೊಂಡೇ ಓಡಾಡುತ್ತಾರೆ. ನನ್ನ ಗಂಡ ಔಷಧಿಯ ಲಾರಿ ಓಡಿಸುತ್ತಾರೆ. ಆ ತಿಂಗಳುಗಳಲ್ಲಿ ಅವರ ಮುಖ ನೋಡಿದ್ದೆಲ್ಲ ಫೋನಿನಲ್ಲೇ. ಹಾಗಾಗಿ ಮನೆಯಲ್ಲಿದ್ದದ್ದು ನಾವು ಮೂವರು, ಜೊತೆಗೆ ಮಾವನ ಕಾನೂನು.

ಕಾನೂನು ಹೀಗಿತ್ತು. ನಾನು ಹಿಂದಿನ ಬಾಗಿಲಿನಿಂದ ಬರಬೇಕು. ಬಂದವಳೇ ಸ್ನಾನ ಮಾಡಬೇಕು, ಬಟ್ಟೆ ಸೋಪಿನ ನೀರಿಗೆ ಹಾಕಬೇಕು. ಇದಕ್ಕೆ ನನ್ನ ತಕರಾರಿರಲಿಲ್ಲ, ಹೇಳಿಕೊಟ್ಟವಳೇ ನಾನು. ಆದರೆ ಮಾವ ಅಲ್ಲಿಗೆ ಬಿಡಲಿಲ್ಲ. ಕೊರಳಲ್ಲಿದ್ದ ಅಳತೆ ಟೇಪು ತೆಗೆದು ನನ್ನ ತಟ್ಟೆಯಿಂದ ಅವರ ತಟ್ಟೆಗೆ ಆರೂವರೆ ಅಡಿ ಅಳೆದು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ನೆಲಕ್ಕೆ ಗೆರೆ ಎಳೆದರು. ನನ್ನ ಹೆಬ್ಬೆರಳು ಗೆರೆ ಮುಟ್ಟಿದರೂ ಊಟ ನಿಲ್ಲಿಸಿ ಅದನ್ನೇ ದಿಟ್ಟಿಸುತ್ತಿದ್ದರು. ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಲ್ಲಿ ಸೋಪಿನ ನೀರು ತುಂಬಿ ದಿನಾ ನನ್ನ ಚಪ್ಪಲಿಗೆ ಅಭಿಷೇಕ ಮಾಡುತ್ತಿದ್ದರು.

ಇಷ್ಟೆಲ್ಲ ಹಿಂದಿನ ಬಾಗಿಲಿಗೆ. ಮುಂದಿನ ಬಾಗಿಲು ಮಾತ್ರ ಹಾರುಹೊಡೆದು ತೆರೆದಿರುತ್ತಿತ್ತು. ಬಂದವರ ಕತ್ತಿನ ಅಳತೆಯನ್ನು ಮಾವ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ತೆಗೆಯುತ್ತಿದ್ದರು. ಅವರ ಮಾಸ್ಕು ಗಲ್ಲದ ಕೆಳಗೆ, ಯಾಕೆಂದರೆ ನಶ್ಯಕ್ಕೆ ದಾರಿ ಬೇಕು. ನಾನು ಹೇಳಿ ಹೇಳಿ ಸಾಕಾದೆ.

"ಇವರೆಲ್ಲ ನಮ್ಮ ಬೀದಿಯವ್ರೇ ಅಲ್ವೇನಮ್ಮ" ಎನ್ನುತ್ತಿದ್ದರು ಮಾವ. "ಒಬ್ಬೊಬ್ರ ಕತ್ತಿನ ಸುತ್ತಳತೆನೂ ನಂಗೆ ಬಾಯಿಪಾಠ. ರೋಗ ಬಂದ್ರೆ ನಿಮ್ಮ ಆಸ್ಪತ್ರೆಯಿಂದ ಬರಬೇಕು, ಇವರಿಂದ ಯಾಕೆ ಬರುತ್ತೆ?"

ಹೀಗಿರುವಾಗ ನಮ್ಮ ವಾರ್ಡಿನ ಹೊರಗಿನ ಹಜಾರದಲ್ಲಿ ಕಾಯುವ ರೋಗಿಗಳ ಮನೆಯವರಿಗೆ ಬಟ್ಟೆಯ ಮಾಸ್ಕು ಸಾಲದಾಯಿತು. ದೊಡ್ಡ ಸಿಸ್ಟರ್, ಅಂದರೆ ನಮ್ಮೆಲ್ಲರ ಮೇಲಿನವರು, ನಿಮ್ಮ ಮಾವನನ್ನು ಕೇಳಿ ನೋಡು ಎಂದರು. ಕೇಳಿದೆ. ಮಾವ ಉಬ್ಬಿಹೋದರು. ಮೂರು ಪದರದ ಅರವತ್ತು ಮಾಸ್ಕು, ಮೂರೇ ದಿನದಲ್ಲಿ ಎಂದು ಮಾತು ಕೊಟ್ಟರು.

ಅದೇ ಮೂರು ದಿನದಲ್ಲಿ ಅವರ ಎರಡನೆಯ ಅನುಮಾನವೂ ಬಲಿಯಿತು. ನಶ್ಯದಲ್ಲಿ ಘಾಟೇ ಇಲ್ಲ, ಅಂಗಡಿಯವನು ಏನೋ ಬೆರೆಸುತ್ತಿದ್ದಾನೆ ಎಂದು ಶುರು ಮಾಡಿದರು. ಡಬ್ಬಿ ಬದಲಾಯಿಸಿ ತಂದರು, ಆಗಲೂ ಇಲ್ಲ. ಕೊನೆಗೆ ಜಗಳಕ್ಕೇ ಹೋದರು. ಪಾಪ, ಆ ಮನುಷ್ಯ ತನ್ನ ಮಾಲು ಶುದ್ಧ ಎಂದು ತೋರಿಸಲು ಇವರ ಎದುರಿಗೇ ಒಂದು ಚಿಟಿಕೆ ಏರಿಸಿ ಏಳು ಸಲ ಸೀನಿದನಂತೆ. ಮಾವ ಮನೆಗೆ ಬಂದು, ಅವನು ನಾಟಕ ಆಡುತ್ತಾನೆ ಎಂದರು. ಒಂದು ಚಿಟಿಕೆಯ ಜಾಗದಲ್ಲಿ ಮೂರು ಚಿಟಿಕೆ ಏರಿಸತೊಡಗಿದರು. ಅಡುಗೆಗೆ ಉಪ್ಪಿಲ್ಲ ಎಂದು ಅತ್ತೆಯ ಮೇಲೂ ಹರಿಹಾಯ್ದರು. ಮೈಕೈ ನೋವು ಎಂದರು, ಯಂತ್ರ ತುಳಿದು ತುಳಿದು ಹೀಗಾಗಿದೆ ಎಂದೂ ಅವರೇ ಹೇಳಿಕೊಂಡರು.

ಇದನ್ನೆಲ್ಲ ನಾನು ಆರೂವರೆ ಅಡಿ ದೂರದಲ್ಲಿ ಕೂತು ಕೇಳಿಸಿಕೊಂಡೆ. ಕೇಳಿಸಿಕೊಂಡು ಉಂಡು ಎದ್ದುಹೋದೆ. ವಾಸನೆ ಗೊತ್ತಾಗುತ್ತಾ, ರುಚಿ ಗೊತ್ತಾಗುತ್ತಾ ಎಂದು ಆಸ್ಪತ್ರೆಯಲ್ಲಿ ದಿನಕ್ಕೆ ಐವತ್ತು ಜನರನ್ನು ಕೇಳುವವಳಿಗೆ ಮನೆಯಲ್ಲಿ ಆ ಪ್ರಶ್ನೆ ಹೊಳೆಯಲಿಲ್ಲ. ಹೇಳಿಕೊಳ್ಳಲು ಇವತ್ತಿಗೂ ನಾಚಿಕೆಯಾಗುತ್ತದೆ.

ನಾಲ್ಕನೆಯ ದಿನ ಬೆಳಿಗ್ಗೆ ಮಾಸ್ಕಿನ ಗಂಟು ಆಸ್ಪತ್ರೆಗೆ ಬಂತು. ಒಗೆದು ಹಂಚಬೇಕಿತ್ತು. ಹೊಸದಲ್ಲವೇ ಎಂದು ನಾನೂ ಸುಮ್ಮನಾದೆ, ದೊಡ್ಡ ಸಿಸ್ಟರೂ ಸುಮ್ಮನಾದರು. ಹಜಾರದಲ್ಲಿದ್ದ ಹದಿನಾಲ್ಕು ಜನಕ್ಕೆ ಕೊಟ್ಟೆವು.

ಮೊದಲು ಮೂಲೆಯ ಅಜ್ಜ ಸೀನಿದರು. ಆಮೇಲೆ ಅವರ ಮಗಳು. ಆಮೇಲೆ ಒಂದು ಬೆಂಚು ಪೂರ್ತಿ. ಎರಡು ನಿಮಿಷದಲ್ಲಿ ಹದಿನಾಲ್ಕು ಜನವೂ ಸರದಿ ತಪ್ಪದೆ ಸೀನುತ್ತಿದ್ದರು. ಕಾವಲುಗಾರ ಹೊರಗೆ ಓಡಿ ಬಾಗಿಲಿಗೆ ಹೊರಗಿನಿಂದಲೇ ಚಿಲಕ ಹಾಕಿಕೊಂಡ. ಕೆಲಸಕ್ಕೆ ಹೊಸದಾಗಿ ಸೇರಿದ ಡಾಕ್ಟರು ಗೋಡೆಗೆ ಬೆನ್ನು ಹಚ್ಚಿ ನಿಂತುಬಿಟ್ಟರು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಇಷ್ಟು ಅವಸರದ ರೋಗ ನೋಡಿಲ್ಲ ಎಂದರು ದೊಡ್ಡ ಸಿಸ್ಟರ್.

ನಾನು ಗಂಟಿನಿಂದ ಒಂದು ಮಾಸ್ಕು ತೆಗೆದು ಮಗುಚಿ ನೋಡಿದೆ. ಒಳಗಡೆ, ಮೂಗು ಕೂರುವ ಜಾಗದಲ್ಲಿ, ಕಂದು ಬಣ್ಣದ ಪುಡಿ. ಇನ್ನೊಂದು ತೆಗೆದೆ, ಅದರಲ್ಲೂ ಅದೇ. ಆ ಬಣ್ಣ ನನಗೆ ಚೆನ್ನಾಗಿ ಗೊತ್ತು. ಮಾವನ ಕರವಸ್ತ್ರ ಒಗೆಯುವಾಗ ನೀರಿಗೆ ಬರುವ ಬಣ್ಣ ಅದು.

"ಇದು ನಿಮ್ಮ ಮಾವನ ಮೂಗಿನ ಗುರುತಾ?" ಎಂದರು ದೊಡ್ಡ ಸಿಸ್ಟರ್. ನಾನು ತಲೆಯಾಡಿಸಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುನಗುತ್ತಲೇ ತಟ್ಟನೆ ನಿಂತರು. "ಹಾಕ್ಕೊಂಡ ಹದಿನಾಲ್ಕು ಜನಕ್ಕೂ ಸೀನು ಬಂತು. ಅರವತ್ತೂ ಮೂಗಿಗೆ ಇಟ್ಕೊಂಡ ಮನುಷ್ಯಂಗೆ ಬರಲಿಲ್ವಾ?"

ಘಾಟೇ ಇಲ್ಲ, ಘಾಟೇ ಇಲ್ಲ ಎಂದು ಮೂರು ದಿನದಿಂದ ಮಾವ ಬಡಿದುಕೊಂಡದ್ದು ಕಿವಿಯಲ್ಲಿ ಕೇಳಿಸಿತು. ಕಣ್ಣೆದುರು ಬಂದದ್ದು ಅತ್ತೆ. ಒಂದೇ ಕೋಣೆ, ಒಂದೇ ಲೋಟ, ಅವರ ಆ ಉಬ್ಬಸದ ಎದೆ.

ಮಾಸ್ಕುಗಳನ್ನೆಲ್ಲ ವಾಪಸು ಪಡೆದು ಕುದಿಯುವ ನೀರಿಗೆ ಹಾಕಿಸಿದೆವು. ಹದಿನಾಲ್ಕು ಜನಕ್ಕೂ ಬೇರೆ ಮಾಸ್ಕು ಕೊಟ್ಟು, ಪರೀಕ್ಷೆಗೆ ಹೆಸರು ಬರೆದುಕೊಂಡೆವು. ಯಾರಿಗೂ ರೋಗ ತಗುಲಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಅದು ನಮ್ಮ ಅದೃಷ್ಟ, ನಮ್ಮ ಜಾಣತನವಲ್ಲ.

ಅಂದು ನಾನು ಮೊದಲ ಸಲ ಮುಂದಿನ ಬಾಗಿಲಿಗೆ ಬಂದು ಹೊಸ್ತಿಲಾಚೆಯೇ ನಿಂತೆ. ಮಾವ ನಮ್ಮ ಬೀದಿಯ ಬಡಗಿಯ ಪ್ಯಾಂಟಿಗೆ ಇಸ್ತ್ರಿ ಹಾಕುತ್ತಿದ್ದರು. ನನ್ನನ್ನು ನೋಡಿದ್ದೇ ಟೇಪಿಗೆ ಕೈಹಾಕಿದರು. ಮಾಸ್ಕುಗಳನ್ನು ನಿಮ್ಮ ಮುಖಕ್ಕೆ ಹಾಕಿಕೊಂಡಿದ್ದಿರಾ ಎಂದು ಕೇಳಿದೆ.

"ಟ್ರಯಲ್ ನೋಡದೆ ಒಂದು ಗುಂಡಿನೂ ಕೊಟ್ಟವನಲ್ಲ ನಾನು" ಎಂದರು ಹೆಮ್ಮೆಯಿಂದ. "ಅರವತ್ತನ್ನೂ ನನ್ನ ಮೂಗಿಗೇ ಕೂರಿಸಿ ನೋಡಿದೀನಿ."

ನಿಮಗೆ ವಾಸನೆ ಹೋಗಿರಬಹುದು, ಪರೀಕ್ಷೆ ಮಾಡಿಸೋಣ ಎಂದೆ. ಮಾವನಿಗೆ ಎಲ್ಲಿಲ್ಲದ ಸಿಟ್ಟು ಬಂತು. ನನ್ನ ಮೂಗಿಗೆ ಏನೂ ಆಗಿಲ್ಲ, ಅಂಗಡಿಯವನೇ ಕಳ್ಳ, ರೋಗದ ಮನೆಯಲ್ಲಿ ಕೆಲಸ ಮಾಡುವವಳಿಗೆ ಎಲ್ಲರೂ ರೋಗಿಗಳ ಹಾಗೇ ಕಾಣುತ್ತಾರೆ ಎಂದು ಕೈ ಬೀಸಿ ಬೀಸಿ ಹೇಳಿದರು. ಇಸ್ತ್ರಿಪೆಟ್ಟಿಗೆ ಪ್ಯಾಂಟಿನ ಮೇಲೆ ಇಟ್ಟದ್ದು ಇಟ್ಟಹಾಗೇ ಇತ್ತು. ಎರಡು ಮಾಸ್ಕು ಹಾಕಿ ಬಾಗಿಲಲ್ಲಿ ನಿಂತಿದ್ದ ನನ್ನ ಮೂಗಿಗೂ ಸುಟ್ಟ ವಾಸನೆ ಬಡಿಯಿತು.

"ಮಾವ, ನಿಮಗೆ ಸುಟ್ಟ ವಾಸನೆ ಬರ್ತಿಲ್ವಾ?"

"ಎಲ್ಲಿ ಸುಟ್ಟಿದೆ? ಏನೂ ಇಲ್ವಲ್ಲ."

ನಾನು ಬೆರಳು ತೋರಿಸಿದೆ. ಮಾವ ಇಸ್ತ್ರಿಪೆಟ್ಟಿಗೆ ಎತ್ತಿದರು. ಪ್ಯಾಂಟಿನ ಹಿಂಭಾಗದಲ್ಲಿ ಅಂಗೈಯಗಲದ ತೂತು, ಸುತ್ತಲೂ ಹೊಗೆ. ಅದನ್ನು ಮೂಗಿನ ಹತ್ತಿರ ಹಿಡಿದರು. ಇನ್ನೂ ಹತ್ತಿರ ಹಿಡಿದರು. ಅವರ ಮುಖದ ಸಿಟ್ಟು ಇಳಿದುಹೋಯಿತು. ಅಷ್ಟರಲ್ಲಿ ಏನೋ ಸೀಯುತ್ತಿದೆ ಎನ್ನುತ್ತ ಅತ್ತೆ ಅಡುಗೆಮನೆಯಿಂದ ಬಂದರು.

"ನೀನು ಅಲ್ಲೇ ನಿಲ್ಲೇ" ಎಂದರು ಮಾವ. ಗೋಡೆಗೆ ತಾಗುವವರೆಗೆ ತಾವೇ ಹಿಂದೆ ಹಿಂದೆ ಸರಿದರು. ಗಲ್ಲದ ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದುಕೊಂಡರು. ಆಮೇಲೆ ನನಗೆ ಮಾತ್ರ ಕೇಳುವಂತೆ, "ಇವಳಿಗೇನೂ ಆಗಲ್ಲ ಅಲ್ವೇನಮ್ಮ?" ಎಂದರು.

ಮಾವನಿಗೆ ರೋಗ ಇರುವುದು ಖಚಿತವಾಯಿತು. ಅತ್ತೆಗೂ ನನಗೂ ಇರಲಿಲ್ಲ, ಐದು ದಿನ ಬಿಟ್ಟು ನೋಡಿದಾಗಲೂ ಇರಲಿಲ್ಲ. ಮಾವ ಹಿಂದಿನ ಕೋಣೆಗೆ ಹೋದರು. ಹಿಂದಿನ ಬಾಗಿಲು ಈಗ ಅವರದಾಯಿತು. ದಿನಕ್ಕೆ ಮೂರು ಸಲ ಅವರೇ ಬೆರಳಿಗೆ ಯಂತ್ರ ಸಿಕ್ಕಿಸಿ ಆಮ್ಲಜನಕದ ಅಂಕಿಯನ್ನು ಕತ್ತಿನ ಅಳತೆಯ ಹಾಗೆ ಕೂಗಿ ಹೇಳುತ್ತಿದ್ದರು. ತೊಂಬತ್ತಾರು, ತೊಂಬತ್ತೈದು. ಆರನೆಯ ದಿನ ತೊಂಬತ್ತೊಂದು ಎಂದರು, ಕೂಗಲು ಅವರಿಗೆ ಉಸಿರಿರಲಿಲ್ಲ. ಅಂದೇ ನಮ್ಮ ವಾರ್ಡಿಗೆ ಸೇರಿಸಿದೆವು. ಮೊದಲೇ ಪರೀಕ್ಷೆಯಾಗದೆ ಹೋಗಿದ್ದರೆ ಆ ಅಂಕಿಯನ್ನು ಯಾರೂ ನೋಡುತ್ತಿರಲಿಲ್ಲ. ನೆನೆಸಿಕೊಂಡರೆ ನನಗೆ ಈಗಲೂ ಭಯವಾಗುತ್ತದೆ.

ನಾಲ್ಕು ದಿನ ಆಮ್ಲಜನಕದ ಮೇಲಿದ್ದರು. ಸ್ವಲ್ಪ ಉಸಿರು ಬಂದದ್ದೇ ತಡ, ನಾವು ತಲೆಯಿಂದ ಪಾದದವರೆಗೆ ಹಾಕುವ ಅಂಗಿಯ ತೋಳು ಕೂರಿಸಿದವನು ಯಾರು, ಅವನನ್ನು ಕರೆಸಿ ಎಂದು ರಗಳೆ ಶುರು. ದೊಡ್ಡ ಸಿಸ್ಟರ್ ಇಂಜೆಕ್ಷನ್ ಎತ್ತಿ ತೋರಿಸಿದ ಮೇಲೆ ಸುಮ್ಮನಾದರು. ಸುಮ್ಮನೆ ಮಲಗಿ ಅವರು ನಮ್ಮನ್ನು ನೋಡುತ್ತಿದ್ದರು. ಆರು ಗಂಟೆ ನೀರು ಕುಡಿಯದೆ ಓಡಾಡುವುದು, ಬೆವರಿಗೆ ಅಂಗೈ ಸುಕ್ಕಾಗುವುದು, ಯಾರದೋ ಅಜ್ಜಿಗೆ ಚಮಚದಲ್ಲಿ ಗಂಜಿ ಕುಡಿಸುವುದು, ಎಲ್ಲ. ಮನೆಗೆ ಹೊರಡುವ ದಿನ ನನ್ನನ್ನು ಕರೆದರು.

"ನೀನು ಇಲ್ಲಿಂದ ದಣಿದು ಬರ್ತಿದ್ದೆ. ನಾನು ಅಲ್ಲಿ ಟೇಪು ಹಿಡ್ಕೊಂಡು ನಿಂತಿರ್ತಿದ್ದೆ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ನನಗೂ ಅಳು ಬಂತು. ರೋಗ ತಗುಲದಂತೆ ಮುಖಕ್ಕೆ ಬಿಗಿದ ಕನ್ನಡಕದ ಒಳಗೆ ಅಳುವುದು ಎಷ್ಟು ಕಷ್ಟ ಎಂದು ನರ್ಸುಗಳಿಗೇ ಗೊತ್ತು.

ಡಾಕ್ಟರು ನಶ್ಯ ಬಿಡಿಸಿದರು. ಮಾವ ಮಾಸ್ಕು ಹಾಕಿಕೊಂಡೇ ಹೋಗಿ ಅಂಗಡಿಯವನ ಕ್ಷಮೆ ಕೇಳಿ ಬಂದರು. ಬಡಗಿಗೆ ಹೊಸ ಪ್ಯಾಂಟು ಹೊಲಿದುಕೊಟ್ಟರು. ವಾಸನೆ ಮಾತ್ರ ಇನ್ನೂ ಬಂದಿರಲಿಲ್ಲ. ಮೂರು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ನಾನು ಅಂಗಡಿಯ ಹಳೆಯ ಪರದೆ ತೆಗೆದು ಕೊಡವಿದೆ. ನಲವತ್ತು ವರ್ಷದ ನಶ್ಯ ಒಮ್ಮೆಲೇ ಎದ್ದಿತು. ಯಂತ್ರದ ಮುಂದೆ ಕೂತಿದ್ದ ಮಾವ ಮೊಣಕೈಯೊಳಗೆ ಮುಖ ಹುದುಗಿಸಿ, ವಾರ್ಡಿನಲ್ಲಿ ಕಲಿಸಿದ ಹಾಗೆಯೇ, ಬೀದಿಗೆಲ್ಲ ಕೇಳುವಂತೆ ಸೀನಿದರು.

"ರೀ, ನೀವಾ ಸೀನಿದ್ದು?" ಒಳಗಿನಿಂದ ಅತ್ತೆ ಕೇಳಿದರು.

"ನಾನೇ ಕಣೇ. ಘಾಟು ಬಂತು."

ಅತ್ತೆ ನಗುತ್ತ ಬಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾವ ಎದ್ದು, ಒದ್ದೆ ಬಟ್ಟೆ ತಂದು, ನೆಲದ ಮೇಲಿನ ಸೀಮೆಸುಣ್ಣದ ಗೆರೆಯನ್ನು ತಾವೇ ಒರೆಸಿದರು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲಿ ಯಾರಾದರೂ ಅಡುಗೆ ಸಪ್ಪೆ ಎಂದರೆ, ವಾಸನೆಯೇ ಇಲ್ಲ ಎಂದರೆ, ಅಂಗಡಿಯವನ ಮೇಲೂ ಅಡುಗೆ ಮಾಡಿದವರ ಮೇಲೂ ಹೋಗಬೇಡಿ. ಮೊದಲು ಪರೀಕ್ಷೆ ಮಾಡಿಸಿ. ಜ್ವರ, ಮೈಕೈ ನೋವು ಮುಚ್ಚಿಡಬೇಡಿ. ಫಲಿತಾಂಶ ಬರುವವರೆಗೆ ವಯಸ್ಸಾದವರಿಂದ, ಉಬ್ಬಸದವರಿಂದ ದೂರವಿರಿ. ಬಟ್ಟೆಯ ಮಾಸ್ಕು ಹೊಸದಾದರೂ ಒಗೆದೇ ಹಾಕಿಕೊಳ್ಳಿ, ಗಲ್ಲಕ್ಕಲ್ಲ, ಮೂಗಿಗೆ. ನಿಮ್ಮ ಮನೆಯ ನರ್ಸು ದಣಿದು ಬಂದಾಗ ಅಳತೆ ಟೇಪು ಹಿಡಿಯುವ ಮೊದಲು, ನಿಮ್ಮ ಮೂಗಿನ ಮಾಸ್ಕು ಎಲ್ಲಿದೆ ಎಂದು ಒಮ್ಮೆ ಮುಟ್ಟಿ ನೋಡಿಕೊಳ್ಳಿ.