ಮೊದಲ ಚಿಪ್ಪು ನೋಣಯ್ಯನಿಗೆ

ನಾನು ಒಂದು ಗಡಂಗು. ಕಳ್ಳಿನಂಗಡಿ ಎಂದರೂ ನನಗೇನೂ ಬೇಸರವಿಲ್ಲ. ಮೂಗು ಮುರಿಯುವವರು ಈಗಲೇ ಎದ್ದು ಹೋಗಲಿ, ಬೆಂಚಾದರೂ ಖಾಲಿಯಾಗುತ್ತದೆ.

ನನ್ನನ್ನು ಕಟ್ಟಿದವನು ದೂಮ ಪೂಜಾರಿ. ಹೊಳೆಬದಿಯ ಕೆಂಪು ಮಣ್ಣು ಕಲಸಿ ಗೋಡೆ ಎಬ್ಬಿಸಿದ, ತೆಂಗಿನ ಮಡಲು ಹೊದಿಸಿದ, ಹಲಸಿನ ಹಲಗೆಯ ಬೆಂಚು, ಕುಡಿಯಲು ತೆಂಗಿನಕಾಯಿ ಚಿಪ್ಪು ಇಟ್ಟ. ಕಟ್ಟಳೆ ಒಂದೇ: ಮರ ಹತ್ತಿ ಕಳ್ಳು ಇಳಿಸಿದವನು ಮೊದಲ ಚಿಪ್ಪು ಕುಡಿಯಬೇಕು, ಆಮೇಲೆ ಊರು. ಇಳಿಸಿದವನೇ ಕುಡಿದನೆಂದರೆ ಅದರಲ್ಲಿ ನೀರು ಬೆರೆತಿಲ್ಲ ಎಂದರ್ಥ.

ದೂಮನ ನಂತರ ಅವನ ತಂಗಿ ಅಪ್ಪಿ ವ್ಯಾಪಾರಕ್ಕೆ ಕೂತಳು. ಅವಳ ಕಾಲದಲ್ಲಿ ಯಾರೂ ಎರಡನೇ ಸಲ ದನಿ ಎತ್ತಿದ್ದಿಲ್ಲ. ಮೊದಲ ಸಲಕ್ಕೇ ಅವನ ತಟ್ಟೆಯ ಮೀನನ್ನು ಅವಳು ವಾಪಸು ಪಾತ್ರೆಗೆ ಹಾಕುತ್ತಿದ್ದಳು.

ಅವಳ ಮಂಡಿ ಸೋತ ಮೇಲೆ ಮಗ ಲೋಕಯ್ಯ ಬಂದ. ಹಂಚು ಹೊದಿಸಿದ, ಫ್ಯಾನು ಹಾಕಿದ. ಒಳ್ಳೆಯದೇ. ಚಿಪ್ಪು ಎಸೆದು ಗಾಜಿನ ಲೋಟ ತಂದ. ಕಳ್ಳು ಇಳಿಸುವ ನೋಣಯ್ಯ ಆ ಲೋಟದಲ್ಲೇ ಮೊದಲು ಕುಡಿದ. ಒಂದು ಬೆಳಗ್ಗೆ ನೋಣಯ್ಯ ಮೊದಲ ಕೊಡವನ್ನು ನನ್ನ ಬಾಗಿಲಲ್ಲಿಟ್ಟು ಹೊಳೆಯಾಚೆಯ ಮರಗಳಿಗೆ ಹೋಗಿದ್ದ. ಗಿರಾಕಿಗಳು ಗೊಣಗಿದರೆಂದು ಆ ಆತುರಗೇಡಿ ಲೋಕಯ್ಯ ಸುರಿದು ಕೊಟ್ಟೇಬಿಟ್ಟ.

ನೋಣಯ್ಯ ಮರಳಿ ಬಂದಾಗ ಎಲ್ಲರ ಮೀಸೆಯಲ್ಲೂ ನೊರೆ.

"ನನಗಿಂತ ಮೊದ್ಲು ಊರು ಕುಡಿದಾಯ್ತಾ? ಹಾಗಾದ್ರೆ ನಾಳೆ ಊರೇ ಮರ ಹತ್ಲಿ," ಎಂದು ನಡೆದ.

ಮಾರನೆಯ ದಿನ ಕಳ್ಳಿಲ್ಲ. ಕಳ್ಳು ಒಸರುವ ಹೊಂಬಾಳೆಯನ್ನು ದಿನವೂ ಕೆತ್ತದಿದ್ದರೆ ಒಣಗುತ್ತದೆ. ಎಲ್ಲ ಒಣಗಿದರೆ ತಿಂಗಳುಗಟ್ಟಲೆ ನನಗೆ ಬೀಗ. ಲೋಕಯ್ಯ ತಾನೇ ಹತ್ತಲು ಹೋಗಿ, ಆಳೆತ್ತರದಿಂದ ಜಾರಿ ಎದೆ ತರಚಿಕೊಂಡು ಬಂದ.

"ಮರ ಬಿಡು ಮಾರಾಯ, ಚಿಪ್ಪು ಎಲ್ಲುಂಟು?" ಎಂದಳು ಅಪ್ಪಿ.

ಚಿಪ್ಪು ಹಿತ್ತಿಲಲ್ಲಿತ್ತು. ಕೋಳಿಗಳು ಅದರಲ್ಲಿ ನೀರು ಕುಡಿಯುತ್ತಿದ್ದವು. ನನಗೆ ಬಂದ ಸಿಟ್ಟಿಗೆ ಒಂದು ಹಂಚು ಅವನ ತಲೆಯ ಮೇಲೆ ಬೀಳಿಸಬೇಕೆನಿಸಿತು.

ಲೋಕಯ್ಯ ಬೂದಿ ಹಾಕಿ ಉಜ್ಜಿ, ಚಿಪ್ಪು ಹಿಡಿದುಕೊಂಡು ನೋಣಯ್ಯನ ಮನೆಗೆ ಹೋದ. ಅಲ್ಲಿ ಏನು ಮಾತಾಯಿತೋ, ಗೋಡೆ ನಾನು, ಹಿಂದೆ ಹೋಗಿ ಕೇಳಲಾಗಲಿಲ್ಲ. ಮರುದಿನ ಬೆಳಗ್ಗೆ ನೋಣಯ್ಯ ಕೊಡ ಹೊತ್ತು ಬಂದು ಬೆಂಚಿನ ಮೇಲೆ ಕೂತ. ಲೋಕಯ್ಯ ಎರಡೂ ಕೈಯಲ್ಲಿ ಚಿಪ್ಪು ಕೊಟ್ಟ. ನೋಣಯ್ಯ ಸೊರ್ರೆಂದು ಹೀರಿ ಮೀಸೆ ಒರೆಸಿಕೊಂಡ.

"ಹ್ಞೂಂ. ಇನ್ನು ಕೊಡು ಇವ್ರಿಗೆ."

ಈಗ ನನ್ನ ಗೋಡೆಯಲ್ಲಿ ಬಿರುಕು, ಬೆಂಚಿನ ನಡುವೆ ಗುಳಿ. ಡಾಮರು ರಸ್ತೆಯಲ್ಲಿ ಬಣ್ಣದ ದೀಪದ ಬಾರು ಬಂದಿದೆ. ಬರಲಿ. ದಿನ ಬೆಳಗಾದರೆ ನಾನು ಆ ಸೊರ್ರೆಂಬ ಸದ್ದಿಗೆ ಕಾಯುತ್ತೇನೆ. ಅದು ಕೇಳಿದ ಮೇಲೆ ನಾನು ಗಡಂಗು. ಅಲ್ಲಿಯವರೆಗೆ ಬರೀ ನಾಲ್ಕು ಗೋಡೆ.